ಯೂ ಮರದ ಕೊಂಬೆಯಡಿ ಹಳದಿ ಗುಂಡುಗಳು: ನುಸಿ ಕಾಟವಾ?

ಬೇಲಿಪಕ್ಕ: ನಾನು ಇಂಗ್ಲೆಂಡಿನ ಸರ್ರೆಯಲ್ಲಿದ್ದೇನೆ. ಹಿತ್ತಲಲ್ಲಿ ಹಳೆಯ ಯೂ (yew, ಸೂಜಿಯಂಥ ಎಲೆಯ ನಿತ್ಯಹಸಿರು) ಮರವಿದೆ. ಕೊಂಬೆಗಳ ಅಡಿಭಾಗದಲ್ಲಿ ಸಾಸಿವೆಗಿಂತ ದೊಡ್ಡ ಗುಂಡುಗಳು ಸಾಲಾಗಿ ಕೂತಿವೆ. ನಿನ್ನೆ ಕೈ ತಾಗಿದ್ದೇ ತಡ, ಹಳದಿ ಹೊಗೆ ಎದ್ದಿತು. ಪಕ್ಕದ ಮನೆಯ ಯೂನಲ್ಲಿ ಕೆಂಪು ಹಣ್ಣು ಬಿಡುತ್ತದೆ, ನಮ್ಮದರಲ್ಲಿ ಒಂದೂ ಇಲ್ಲ. ಮೊಗ್ಗು ಉಬ್ಬಿಸುವ ನುಸಿ ಇರಬಹುದು ಅಂತ ಒಬ್ಬರು ಹೇಳಿದರು. ಔಷಧಿ ಹೊಡೆಯಲಾ?

ಎಲೆಮರೆ: ಏನೂ ಹೊಡೆಯಬೇಡಿ. ಪುಡಿ ಹಾರಿತು ಅಂದಮೇಲೆ ಅದು ಗಂಡು ಕೋನ್, ಅಂದರೆ ಹೂವಿನ ಬದಲು ಪರಾಗ ಬಿಡುವ ಗುಂಡು. ಯೂನಲ್ಲಿ ಸಾಮಾನ್ಯವಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ನಿಮ್ಮದು ಗಂಡು, ಹಾಗಾಗಿ ಹಣ್ಣಿಲ್ಲ. ಪರಾಗ ಒಯ್ಯುವುದು ಗಾಳಿ. ಪಕ್ಕದವರ ಹಣ್ಣಿಗೆ ನಿಮ್ಮ ಮರವೇ ಕಾರಣವಿರಬಹುದು!

ಅನುಮಾನ ಇದ್ದರೆ ಒಂದು ಗುಂಡನ್ನು ಬ್ಲೇಡಿನಿಂದ ಸೀಳಿ, ಭೂತಗನ್ನಡಿಯಲ್ಲಿ ನೋಡಿ. ನಡುವಿನ ಕಡ್ಡಿಯ ಸುತ್ತ ಪುಟ್ಟ ಕೊಡೆಗಳಂಥ ಭಾಗಗಳಿರುತ್ತವೆ, ಹೆಚ್ಚುಕಡಿಮೆ 6ರಿಂದ 14. ಪ್ರತಿಯೊಂದರ ಕೆಳಗೂ ಪರಾಗದ ಚೀಲಗಳು. ಒಣ ಹವೆಗೆ ಅವು ಬಿರಿದಾಗಲೇ ಪುಡಿ ಹಾರುವುದು. ನುಸಿ ಹೊಕ್ಕ ಮೊಗ್ಗಾದರೆ ಹೊರಪದರಗಳು ದಪ್ಪಗೆ ಊದಿಕೊಂಡಿರುತ್ತವೆ, ಪುಡಿ ಇರುವುದಿಲ್ಲ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಬೀಜದ ಸುತ್ತಲಿನ ಕೆಂಪು ತಿರುಳು ಬಿಟ್ಟರೆ ಈ ಮರದ ಎಲ್ಲ ಭಾಗವೂ ವಿಷ.

ಬೇಲಿಪಕ್ಕ: ಸೀಳಿ ನೋಡಿದೆ, ಕೊಡೆಗಳು ಸಿಕ್ಕವು. ನುಸಿ ಇಲ್ಲ, ಸಮಾಧಾನ. ಮಗಳ ಮೈಕ್ರೋಸ್ಕೋಪಿನಲ್ಲಿ ಕೋಶ ವಿಭಜನೆಯನ್ನೂ ಹುಡುಕಿದೆವು. ಬರೀ ಬಿಡಿ ಬಿಡಿ ಕಣಗಳು. ಬಣ್ಣ ಹಾಕಿದ್ದು ಸರಿಯಾಗಲಿಲ್ವಾ?

ಮಸೂರ: ಬಣ್ಣದ ತಪ್ಪಲ್ಲ, ಕಾಲದ ತಪ್ಪು. ಈ ಕೋನ್‌ಗಳು ಶುರುವಾಗುವುದು ಹಿಂದಿನ ವರ್ಷ, ಆಗಿನ ಹೊಸ ಚಿಗುರಿನ ಎಲೆಕಂಕುಳಲ್ಲಿ. ಒಂದು ತಾಯಿಕೋಶ ನಾಲ್ಕಾಗುವ ವಿಭಜನೆ ಪುಡಿ ಹಾರುವುದಕ್ಕೆ ಎಷ್ಟೋ ಮುಂಚೆಯೇ ಮುಗಿದಿರುತ್ತದೆ. ಯೂ ಪರಾಗ ಹೊರಬೀಳುವಾಗ ಒಂದೇ ಕೋಶ. ಪೈನ್ ಪರಾಗಕ್ಕಿರುವ ಗಾಳಿಚೀಲಗಳೂ ಇದಕ್ಕಿಲ್ಲ, ಅದಕ್ಕೇ ಸುಮ್ನೆ ಉಂಡೆಯ ಹಾಗೆ ಕಾಣುತ್ತದೆ. ಮುಂದಿನ ವಿಭಜನೆ ಆಗುವುದು ಹೆಣ್ಣು ಮರದ ಅಂಡಕದ (ಮುಂದೆ ಬೀಜವಾಗುವ ಭಾಗದ) ತುದಿಯ ಹನಿಗೆ ಅಂಟಿ ಒಳಸೇರಿದ ಮೇಲೆ. ಈ ಸಲ ಅಕ್ಟೋಬರಿನಿಂದಲೇ ಆಗಾಗ ಒಂದೊಂದು ಕೋನ್ ತೆಗೆದು ನೋಡುತ್ತಿರಿ.

ಬೇಲಿಪಕ್ಕ: ಆಗಸ್ಟ್ ಕೊನೆಯಲ್ಲಿ ಮರ ಸವರುವ ರೂಢಿ ನಮ್ಮದು. ತೊಂದರೆಯೇನಾ?

ಮಸೂರ: ಮರಕ್ಕಿಲ್ಲ, ನಿಮ್ಮ ಪ್ರಯೋಗಕ್ಕಿದೆ. ಆ ವರ್ಷದ ಚಿಗುರು ಕತ್ತರಿಸಿದರೆ ಮುಂದಿನ ವಸಂತದ ಕೋನ್‌ಗಳೂ ಅದರ ಜೊತೆ ಹೋಗುತ್ತವೆ. ಮನೆಯಲ್ಲಿ ಯಾರಿಗಾದರೂ ಪರಾಗದ ಅಲರ್ಜಿ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಒಂದು ಬದಿ ಹಾಗೇ ಬಿಡಿ. ಸವರಿದ ಕಡ್ಡಿಗಳು ಕುದುರೆ, ದನದ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಎಲೆಮರೆ: ಗಂಡು ಅಂದೆ ಅಂತ ಪೂರ್ತಿ ನಂಬಬೇಡಿ ಮತ್ತೆ. ಸ್ಕಾಟ್ಲೆಂಡಿನ ಫೋರ್ಟಿಂಗಲ್ ಯೂ ಗಂಡು ಅಂತಲೇ ಹೆಸರಾಗಿತ್ತು. 2015ರಲ್ಲಿ ಅದರ ಒಂದು ಕೊಂಬೆಯಲ್ಲಿ ಕೆಂಪು ಹಣ್ಣು ಬಿಟ್ಟಿತ್ತು.