ಟಿನಿಯನ್ ದ್ವೀಪದಲ್ಲೇ ಯಾಕೆ ಅಷ್ಟು ದೊಡ್ಡ ಬೇಸ್?

ಪ್ರಶ್ನೆ: ಪೆಸಿಫಿಕ್‌ನಲ್ಲಿ ಅಷ್ಟೊಂದು ದ್ವೀಪ ಇರ್ಬೇಕಾದ್ರೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದೋರು ಬಿ-29 ಬಾಂಬರ್ ವಿಮಾನಗಳಿಗೆ ಈ ಪುಟ್ಟ ಟಿನಿಯನ್‌ನೇ ಯಾಕೆ ಹಿಡ್ಕೊಂಡ್ರು? ಅಲ್ಲಿ ಲೈಫ್ ಹೆಂಗಿತ್ತು?

ಉತ್ತರ 1: ದೂರ ನೋಡಿ ಗುರು. ಅಲ್ಲಿಂದ ಜಪಾನ್ ಸುಮಾರು 2,400 ಕಿಮೀ, ಬಾಂಬ್ ಹಾಕಿ ವಾಪಸ್ ಬರೋಕಾಗತ್ತೆ, ನೆಲಾನೂ ಸಮತಟ್ಟು, ಜಪಾನೀಯರು ಕಬ್ಬು ಬೆಳೀತಿದ್ದ ಜಾಗ. 1944ರ ಜುಲೈನಲ್ಲಿ ಇಳಿದು ಗೆದ್ರು, ಆಮೇಲೆ ಸೀಬೀಸ್ ಅಂತ ನೌಕಾಪಡೆಯ ಕಟ್ಟೋ ತಂಡದೋರು ಹವಳದ ಕಲ್ಲು ಪುಡಿ ಮಾಡಿ ನಾರ್ತ್ ಫೀಲ್ಡ್‌ನಲ್ಲಿ ನಾಲ್ಕು ರನ್‌ವೇ ಹಾಕಿದ್ರು, ಒಂದೊಂದೂ 8,500 ಅಡಿ!

ಉತ್ತರ 2: ಲೈಫ್ ಅಂದ್ರೆ ಬಿಸಿಲು, ಮಳೆ, ಕಾಯೋದು. ದ್ವೀಪದ ಆಕಾರ ಮ್ಯಾನ್‌ಹ್ಯಾಟನ್ ಥರ ಇದೆ ಅಂತ ರೋಡಿಗೆಲ್ಲಾ ಬ್ರಾಡ್‌ವೇ, 42ನೇ ಸ್ಟ್ರೀಟ್ ಅಂತ ಹೆಸರಿಟ್ಕೊಂಡಿದ್ರು, ಮನೆ ನೆನಪು ಪಾಪ. ನಿಜವಾದ ಭಯ ಟೇಕಾಫ್‌ದು, ಫುಲ್ ಲೋಡ್ ಇರೋವಾಗ ಬಿ-29 ಎಂಜಿನ್ ಬಿಸಿಯಾಗಿ ಬೆಂಕಿ ಹತ್ಕೊಳ್ತಿತ್ತು.

ಉತ್ತರ 3: ಬಾಂಬ್ ಪಿಟ್ ವಿಷ್ಯ ಬಿಟ್ರಲ್ಲ. ಹಿರೋಶಿಮಾ ಬಾಂಬ್ ಎಷ್ಟು ದೊಡ್ಡದಿತ್ತಂದ್ರೆ ವಿಮಾನದ ಕೆಳಗೆ ತಳ್ಳೋಕೆ ಜಾಗ ಇರ್ಲಿಲ್ಲ, ಅದಕ್ಕೆ ಗುಂಡಿ ತೋಡಿ ಅದ್ರೊಳಗೆ ಬಾಂಬ್ ಇಟ್ಟು, ವಿಮಾನ ಮೇಲೆ ನಿಲ್ಸಿ, ಹೈಡ್ರಾಲಿಕ್ ಲಿಫ್ಟಲ್ಲಿ ಎತ್ತಿದ್ರು. 1945 ಆಗಸ್ಟ್ 6ಕ್ಕೆ ಆ ಬಾಂಬ್ ಹೊತ್ತ ಬಿ-29 ಎನೋಲಾ ಗೇ ಹೊರಟಿದ್ದು ಇಲ್ಲಿಂದ್ಲೇ. ಆ ಗುಂಡಿಗಳು ಈಗ್ಲೂ ಇವೆ.