ಹೈಡ್ರಾ: ಕೆರೆಯ ಜೀವಿ, ಗ್ರೀಸಿನ ದ್ವೀಪ, ಪುರಾಣದ ಸರ್ಪ – ಯಾವುದರಿಂದ ಯಾವುದಕ್ಕೆ ಹೆಸರು ಬಂತು?

ಪ್ರಶ್ನೆ – ಜೀವಶಾಸ್ತ್ರ ಉಪನ್ಯಾಸಕಿ

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುತ್ತೇನೆ. ಹೈಡ್ರಾದ ಪಾಠ ಬಂದಾಗ, ತುಂಡರಿಸಿದರೂ ಮತ್ತೆ ಬೆಳೆಯುವ ಈ ಜೀವಿಗೆ ಹರ್ಕ್ಯುಲಿಸ್ ಕೊಂದ ಹಲವು ತಲೆಗಳ ಸರ್ಪದ ಹೆಸರನ್ನು ಇಡಲಾಗಿದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದು ನಮ್ಮಲ್ಲಿ ವಾಡಿಕೆ. ಈ ಬಾರಿ ವಿದ್ಯಾರ್ಥಿಯೊಬ್ಬ ಗ್ರೀಸಿನ ಭೂಪಟದಲ್ಲಿ ಅದೇ ಹೆಸರಿನ ದ್ವೀಪವನ್ನು ತೋರಿಸಿ, ಸರ್ಪ ವಾಸವಾಗಿದ್ದದ್ದು ಅಲ್ಲಿಯೇ ಎಂದು ಕೇಳಿದ. ಆಕಾಶದಲ್ಲಿಯೂ ಅದೇ ಹೆಸರಿನ ನಕ್ಷತ್ರಪುಂಜವಿದೆ ಎಂದು ಇನ್ನೊಬ್ಬಳು ಸೇರಿಸಿದಳು. ಇವೆಲ್ಲಕ್ಕೂ ಮೂಲ ಒಂದೇ ಕಥೆಯೇ? ಜೀವಿಗೆ ಈ ಹೆಸರು ಬಂದದ್ದು ಯಾರಿಂದ, ಯಾವ ಸಂದರ್ಭದಲ್ಲಿ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ಗ್ರೀಕ್ ಪುರಾಣಗಳ ಓದುಗ

ಮೇಡಂ, ಮೊದಲು ದ್ವೀಪದ ವಿಷಯವನ್ನು ಬಗೆಹರಿಸಿಕೊಳ್ಳೋಣ. ಗೊಂದಲ ಹುಟ್ಟುವುದೇ ಅಲ್ಲಿಂದ. ಸರ್ಪ ಆ ದ್ವೀಪದಲ್ಲಿ ಇರಲಿಲ್ಲ. ಅದರ ನೆಲೆ ಲೆರ್ನಾ, ಅಂದರೆ ಅರ್ಗೋಸ್ ಪಟ್ಟಣದ ದಕ್ಷಿಣಕ್ಕೆ, ಕೊಲ್ಲಿಯ ದಡದಲ್ಲಿ, ನೀರಿನ ಬುಗ್ಗೆಗಳಿಂದ ಸದಾ ಜೌಗಾಗಿದ್ದ ಜಾಗ. ಇದು ಕಥೆಗಷ್ಟೇ ಸೇರಿದ ಊರಲ್ಲ. 1950ರ ದಶಕದಲ್ಲಿ ಅಮೆರಿಕದ ಪುರಾತತ್ತ್ವಜ್ಞ ಜಾನ್ ಕ್ಯಾಸ್ಕಿ ಅಲ್ಲಿ ಉತ್ಖನನ ನಡೆಸಿದಾಗ, ಹೆಂಚು ಹೊದಿಸಿದ್ದ ಕಂಚಿನ ಯುಗದ ದೊಡ್ಡ ಕಟ್ಟಡವೊಂದರ ಅವಶೇಷ ದೊರೆಯಿತು.

ಪ್ರಾಚೀನ ಗ್ರೀಕ್ ಕವಿ ಹೀಸಿಯಡ್ ಹೇಳುವಂತೆ ಈ ಸರ್ಪ ಟೈಫಾನ್ ಮತ್ತು ಎಕಿಡ್ನಾ ಎಂಬ ದೈತ್ಯ ದಂಪತಿಗಳ ಸಂತಾನ. ಹರ್ಕ್ಯುಲಿಸ್‌ನ ಮೇಲಿನ ದ್ವೇಷದಿಂದ ಹೀರಾ ದೇವಿ ಅದನ್ನು ಸಾಕಿ ಬೆಳೆಸಿದಳು. ತಲೆಗಳು ಎಷ್ಟು ಎಂಬುದರಲ್ಲಿ ಕವಿಗಳಿಗೆ ಒಮ್ಮತವಿಲ್ಲ: ಆಲ್ಸಿಯಸ್ ಒಂಬತ್ತು ಎಂದರೆ ಸೈಮನೈಡಿಸ್ ಐವತ್ತು ಎನ್ನುತ್ತಾನೆ. ಅಪೊಲೊಡೋರಸ್‌ನ ಹೆಸರಿನಲ್ಲಿ ಉಳಿದಿರುವ ಪುರಾಣಸಂಗ್ರಹದ ಪ್ರಕಾರ ಒಂಬತ್ತು ತಲೆಗಳಲ್ಲಿ ನಡುವಿನದು ಸಾವಿಲ್ಲದ್ದು. ಒಂದನ್ನು ಜಜ್ಜಿದರೆ ಎರಡು ಚಿಗುರುತ್ತಿದ್ದುದರಿಂದ ಹರ್ಕ್ಯುಲಿಸ್ ತನ್ನ ಸೋದರನ ಮಗ ಅಯೊಲಾಸ್‌ನಿಂದ ಪ್ರತಿ ಕೊರಳ ಬುಡವನ್ನೂ ಕೊಳ್ಳಿಯಿಂದ ಸುಡಿಸಿ, ಕೊನೆಗೆ ಸಾವಿಲ್ಲದ ತಲೆಯನ್ನು ಕಡಿದು ಹೂತು, ಮೇಲೆ ಬಂಡೆ ಹೇರಿದ. ಇಷ್ಟಾದ ಮೇಲೂ, ಈ ಕೆಲಸಕ್ಕೆ ಆಜ್ಞಾಪಿಸಿದ್ದ ರಾಜ ಯೂರಿಸ್ತಿಯಸ್, ಇನ್ನೊಬ್ಬನ ಸಹಾಯ ಪಡೆದೆ ಎಂಬ ನೆಪದಿಂದ ಈ ಸಾಹಸವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಕಥೆಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇದರ ನಂತರದ ಭಾಗ. ಹರ್ಕ್ಯುಲಿಸ್ ತನ್ನ ಬಾಣಗಳನ್ನು ಆ ಸರ್ಪದ ವಿಷದಲ್ಲಿ ಅದ್ದಿಕೊಂಡ. ಅದೇ ವಿಷ ನೆಸ್ಸಸ್ ಎಂಬ ಸೆಂಟಾರನ (ಅರ್ಧ ಮನುಷ್ಯ, ಅರ್ಧ ಕುದುರೆ) ರಕ್ತಕ್ಕೆ, ಅಲ್ಲಿಂದ ಹೆಂಡತಿ ಕಳಿಸಿದ ಉಡುಪಿಗೆ ಸೇರಿ ಅವನನ್ನೇ ಕೊಂದಿತು.

ಇನ್ನು ದ್ವೀಪ. ಸಾರೋನಿಕ್ ಕೊಲ್ಲಿಯ ಬಳಿ, ಪೆಲೊಪೊನೀಸ್ ತೀರಕ್ಕೆ ಅಂಟಿಕೊಂಡಂತಿರುವ ಇದನ್ನು ಹಳೆಯ ಗ್ರೀಕರು ಹೈಡ್ರಿಯಾ ಎನ್ನುತ್ತಿದ್ದರು. ಇಂದಿನ ಗ್ರೀಕರ ಬಾಯಲ್ಲಿ ಅದು ‘ಈದ್ರ’. ಸೇಮೋಸ್‌ನಿಂದ ಹೊರಬಿದ್ದವರು ಈ ದ್ವೀಪವನ್ನು ಹರ್ಮಿಯೋನ್ ಊರಿನವರಿಂದ ಪಡೆದು ಟ್ರೀಜನ್‌ನವರ ವಶಕ್ಕೆ ಒಪ್ಪಿಸಿದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ದಾಖಲಿಸುತ್ತಾನೆ. ಅವನ ಆ ಮಾತಿನಲ್ಲಿ ಸರ್ಪದ ಸುಳಿವೂ ಇಲ್ಲ. ನೀರು ಎಂಬ ಅರ್ಥದ ಒಂದೇ ಗ್ರೀಕ್ ಮೂಲದಿಂದ ಎರಡು ಹೆಸರುಗಳೂ ಬೇರೆ ಬೇರೆಯಾಗಿ ಬಂದಿವೆ: ಅಲ್ಲಿ ನೀರಿನ ಹಾವು, ಇಲ್ಲಿ ಒರತೆಗಳಿದ್ದ ದ್ವೀಪ. ವಿಚಿತ್ರವೆಂದರೆ, ಹೆಸರಿನಲ್ಲೇ ನೀರಿರುವ ಈ ದ್ವೀಪದ ಜನ ಮುಂದೆ ಮನೆಮನೆಯ ತೊಟ್ಟಿಗಳಲ್ಲಿ ಮಳೆನೀರು ಹಿಡಿದಿಟ್ಟುಕೊಂಡು, ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರ ಬರುವ ತನಕ ಹಡಗಿನಲ್ಲಿ ಬರುವ ನೀರನ್ನೇ ನೆಚ್ಚಿಕೊಂಡಿದ್ದರು. 1821ರಲ್ಲಿ ಆರಂಭವಾದ ಗ್ರೀಕ್ ಸ್ವಾತಂತ್ರ್ಯ ಸಮರದಲ್ಲಿ ಈ ದ್ವೀಪದ ವ್ಯಾಪಾರಿ ಹಡಗುಗಳೇ ಯುದ್ಧನೌಕೆಗಳಾದವು. ನೌಕಾಪತಿ ಮಿಯಾವುಲಿಸ್ ಇಲ್ಲಿನವನೆಂದೇ ಪ್ರಸಿದ್ಧ. ಈಗಲೂ ಅಲ್ಲಿ ಕಾರುಗಳಿಗೆ ಅವಕಾಶವಿಲ್ಲ, ಸಾಮಾನು ಹೊರುವುದು ಕತ್ತೆ ಮತ್ತು ಹೇಸರಗತ್ತೆಗಳು.

ಉತ್ತರ – ಪ್ರಾಣಿಶಾಸ್ತ್ರ ಸಂಶೋಧಕ

ಜೀವಿಯ ಬಗ್ಗೆ ನಾನು ಹೇಳುತ್ತೇನೆ. ಅದನ್ನು ಕಂಡು 1702ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದವನು ಸೂಕ್ಷ್ಮದರ್ಶಕಕ್ಕೆ ಹೆಸರಾದ ಡಚ್ಚಿಗ ಲೀವೆನ್‌ಹೂಕ್. ಆದರೆ ಅದರ ಕೀರ್ತಿ ಸಲ್ಲಬೇಕಾದದ್ದು ಜಿನೀವಾದ ಅಬ್ರಹಾಂ ಟ್ರೆಂಬ್ಲಿಗೆ. ಆತ ಹೇಗ್ ನಗರದ ಸಮೀಪ ಕೌಂಟ್ ಬೆಂಟಿಂಕ್‌ನ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದ. 1740ರಲ್ಲಿ ಗಾಜಿನ ಪಾತ್ರೆಯಲ್ಲಿ ತಂದಿಟ್ಟಿದ್ದ ನೀರಿನಲ್ಲಿ, ಜಲಸಸ್ಯಕ್ಕೆ ಅಂಟಿಕೊಂಡಿದ್ದ ಹಸಿರು ಎಳೆಗಳಂಥ ಜೀವಿಗಳನ್ನು ಕಂಡು, ಇವು ಸಸ್ಯವೋ ಪ್ರಾಣಿಯೋ ಎಂದು ನಿರ್ಧರಿಸಲು ಒಂದನ್ನು ಕತ್ತರಿಸಿದ. ತುಂಡುಗಳು ಸತ್ತರೆ ಪ್ರಾಣಿ, ಬದುಕಿದರೆ ಸಸ್ಯ ಎಂಬುದು ಅವನ ತರ್ಕ. ಎರಡು ತುಂಡುಗಳೂ ಬದುಕಿ ಪೂರ್ಣ ಜೀವಿಗಳಾದವು. ಆದರೂ ಅವು ನಡೆಯುತ್ತಿದ್ದವು, ಬೇಟೆಯಾಡಿ ನುಂಗುತ್ತಿದ್ದವು.

ಮುಂದೆ ಟ್ರೆಂಬ್ಲಿ ಒಂದು ಜೀವಿಯ ತಲೆಯ ಭಾಗವನ್ನು ಉದ್ದುದ್ದಕ್ಕೆ ಮತ್ತೆ ಮತ್ತೆ ಸೀಳಿ ಏಳು ತಲೆಗಳನ್ನು ಬರಿಸಿದ. ಆ ಏಳನ್ನೂ ಕತ್ತರಿಸಿದಾಗ ಏಳೂ ಮತ್ತೆ ಬೆಳೆದವು. ಅಷ್ಟೇ ಅಲ್ಲ, ಕತ್ತರಿಸಿ ತೆಗೆದ ಒಂದೊಂದು ತಲೆಯೂ ಇಡೀ ಜೀವಿಯಾಯಿತು. ಇದನ್ನು ಕಲ್ಪಿಸುವ ಧೈರ್ಯ ಕಥೆಗಾರರಿಗೂ ಇರಲಿಲ್ಲ ಎಂಬರ್ಥದ ಮಾತನ್ನು ಆತ 1744ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ರಾಯಲ್ ಸೊಸೈಟಿ 1743ರಲ್ಲಿಯೇ ಅವನಿಗೆ ಕೋಪ್ಲಿ ಪದಕ ನೀಡಿತ್ತು. ಹೈಡ್ರಾ ಎಂಬುದನ್ನು ವೈಜ್ಞಾನಿಕ ಕುಲನಾಮವಾಗಿ ನೆಲೆಗೊಳಿಸಿದವನು ಜೀವಿಗಳನ್ನು ವರ್ಗೀಕರಿಸಿದ ಲಿನೇಯಸ್; ಆದ್ದರಿಂದ ಜೀವಿಯ ಹೆಸರು ಪುರಾಣದಿಂದ ಬಂದದ್ದು ಎಂಬ ನಿಮ್ಮ ಒಂದು ವಾಕ್ಯ ಸರಿಯಾಗಿಯೇ ಇದೆ.

ಮರುಪ್ರಶ್ನೆ – ಜೀವಶಾಸ್ತ್ರ ಉಪನ್ಯಾಸಕಿ

ಇಬ್ಬರಿಗೂ ಧನ್ಯವಾದಗಳು. ಒಂದು ತಲೆ ಕಡಿದರೆ ಎರಡು ಬರುತ್ತವೆ ಎಂಬುದು ಕಥೆಯ ಜೀವಾಳ. ನಮ್ಮ ಕೆರೆಯ ಹೈಡ್ರಾದಲ್ಲಿ ಹಾಗೆ ಆಗುತ್ತದೆಯೇ?

ಉತ್ತರ – ಪ್ರಾಣಿಶಾಸ್ತ್ರ ಸಂಶೋಧಕ

ಇಲ್ಲ, ಅಡ್ಡಲಾಗಿ ಕತ್ತರಿಸಿದರೆ ಒಂದರ ಜಾಗದಲ್ಲಿ ಒಂದೇ ಬರುತ್ತದೆ. ಮೇಲಿನ ತುಂಡಿಗೆ ಪಾದ, ಕೆಳಗಿನ ತುಂಡಿಗೆ ತಲೆ, ಅದೂ ಎರಡು ಮೂರು ದಿನಗಳಲ್ಲಿ. ಇರುವ ತಲೆ ಪಕ್ಕದಲ್ಲಿ ಮತ್ತೊಂದು ತಲೆ ಏಳದಂತೆ ತಡೆಯುತ್ತದೆ. ಆ ತಡೆ ಹೋದಾಗ ಗಾಯದ ತುದಿ ತಲೆಯಾಗುತ್ತದೆ. 1909ರಲ್ಲಿ ಎಥೆಲ್ ಬ್ರೌನ್ ಎಂಬ ವಿಜ್ಞಾನಿ, ಒಂದು ಹೈಡ್ರಾದ ಬಾಯಿಯ ಸುತ್ತಲಿನ ಚೂರನ್ನು ಇನ್ನೊಂದರ ಮೈಗೆ ಕಸಿ ಮಾಡಿದರೆ ಅಲ್ಲಿ ಎರಡನೆಯ ತಲೆ ಮತ್ತು ಮೈ ಹೊರಡುತ್ತದೆ ಎಂದು ತೋರಿಸಿದರು. ಭ್ರೂಣವಿಜ್ಞಾನದಲ್ಲಿ ಸ್ಪೆಮಾನ್ ಇಂಥದೇ ಶೋಧಕ್ಕೆ ಹೆಸರಾಗುವುದಕ್ಕೂ ಮೊದಲಿನ ಕೆಲಸವಿದು. ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿಯೂ ಹೈಡ್ರಾದ ಬಗ್ಗೆ ಗಣನೀಯ ಕೆಲಸ ನಡೆದಿದೆ.

ಸಾಧ್ಯವಾದರೆ ಮಕ್ಕಳಿಗೆ ಜೀವಂತ ಹೈಡ್ರಾವನ್ನೇ ತೋರಿಸಿ. ಕಲಕದ ಕೊಳದಿಂದ ಜಲಸಸ್ಯದ ಸಮೇತ ನೀರು ತಂದು ಗಾಜಿನ ಪಾತ್ರೆಯಲ್ಲಿ ಬೆಳಕಿಗೆ ಇಟ್ಟರೆ, ಇದ್ದ ಪಕ್ಷದಲ್ಲಿ ಅವು ಮೈಚಾಚಿ ಗಾಜಿಗೆ ಅಂಟಿಕೊಳ್ಳುತ್ತವೆ. ಡಾಫ್ನಿಯಾ ಎಂಬ ಪುಟ್ಟ ಜಲಜೀವಿ ಹೈಡ್ರಾದ ಬಾಯಿಯ ಸುತ್ತಲಿನ ಕರಬಳ್ಳಿಗೆ ತಗುಲಿದೊಡನೆ ಕುಟುಕುಕಣಗಳು ಸಿಡಿದು ಅದು ಸೆಟೆದು ನಿಲ್ಲುತ್ತದೆ. ಉಳಿದ ಕರಬಳ್ಳಿಗಳು ಬಾಗಿ ಅದನ್ನು ಬಾಯಿಗೆ ಸೇರಿಸುತ್ತವೆ. ನುಂಗಿದ ಮೇಲೆ ತೆಳುವಾದ ಮೈಯ ಒಳಗೆ ಅದರ ಕಪ್ಪು ಕಣ್ಣು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಉತ್ತರ – ಹವ್ಯಾಸಿ ಖಗೋಳವೀಕ್ಷಕ, ಮೈಸೂರು

ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗುರುತಿಸಿರುವ 88 ನಕ್ಷತ್ರಪುಂಜಗಳಲ್ಲಿ ಹೈಡ್ರಾ ಅತಿ ದೊಡ್ಡದು. ತಲೆ ಮೂಡಿದ ಆರು ಗಂಟೆಗೂ ಹೆಚ್ಚು ಸಮಯದ ಮೇಲೆ ಬಾಲ ಮೂಡುತ್ತದೆ. ಇಲ್ಲಿ ಗ್ರೀಕರಿಗೆ ಎರಡು ಕಥೆಗಳಿದ್ದವು. ಒಂದು ಲೆರ್ನಾದ ಸರ್ಪದ್ದು; ಅದರ ಪರವಾಗಿ ಹರ್ಕ್ಯುಲಿಸ್‌ನ ಕಾಲು ಕಚ್ಚಿ ಸತ್ತ ಏಡಿಯನ್ನು ಹೀರಾ ದೇವಿ ಪಕ್ಕದಲ್ಲೇ ಕರ್ಕಾಟಕವಾಗಿ ಇರಿಸಿದಳು. ಇನ್ನೊಂದು ಅಪೊಲೊ ದೇವರ ಕಾಗೆಯದು: ನೀರು ತರಲು ಹೋದ ಅದು ಅಂಜೂರ ಹಣ್ಣಾಗಲೆಂದು ಕಾದು ತಡಮಾಡಿ, ಹಾವು ಬುಗ್ಗೆಗೆ ಅಡ್ಡ ನಿಂತಿತ್ತೆಂದು ಸುಳ್ಳು ಹೇಳಿತು. ಆಕಾಶದ ಹಾವಿಗೆ ಒಂದೇ ತಲೆ ಇರುವುದರಿಂದ, ಮತ್ತು ಅದರ ಬೆನ್ನ ಮೇಲೆ ಬಟ್ಟಲು ಹಾಗೂ ಕಾಗೆಯ ಪುಂಜಗಳು ಕುಳಿತಿರುವುದರಿಂದ, ನನಗೆ ಎರಡನೆಯ ಕಥೆಯೇ ಚಿತ್ರಕ್ಕೆ ಹೆಚ್ಚು ಒಪ್ಪುತ್ತದೆ ಎನಿಸುತ್ತದೆ.

ವಿದ್ಯಾರ್ಥಿಗಳಿಗೆ ಹೇಳಬಹುದಾದ ಇನ್ನೊಂದು ಸಂಗತಿಯಿದೆ. ಆ ಹಾವಿನ ತಲೆಯ ನಕ್ಷತ್ರಗಳೇ ನಮ್ಮ ಆಶ್ಲೇಷಾ ನಕ್ಷತ್ರ. ಅದರ ಅಧಿದೇವತೆ ಸರ್ಪ. ಕುಕ್ಕೆ ಸುಬ್ರಹ್ಮಣ್ಯದ ಆಶ್ಲೇಷಾ ಬಲಿಯೂ, ಆಗಸ್ಟ್ ಮೊದಲ ಪಕ್ಷದ ಆಶ್ಲೇಷಾ ಮಳೆಯೂ ಇದೇ ಹೆಸರಿನವು. ಹಾಗೆಂದು ಇದನ್ನು ಗ್ರೀಕರಿಂದ ಬಂದದ್ದು ಎಂದುಕೊಳ್ಳಬಾರದು, ಏಕೆಂದರೆ ಸರ್ಪದೇವತೆಯ ಸಮೇತ ಈ ನಕ್ಷತ್ರ ತೈತ್ತಿರೀಯ ಸಂಹಿತೆಯಲ್ಲಿಯೇ ಇದೆ, ಗ್ರೀಕ್ ರಾಶಿಚಕ್ರ ನಮ್ಮಲ್ಲಿಗೆ ಬಂದದ್ದು ಬಹಳ ನಂತರ. ಪ್ಲೂಟೊವಿನ ಒಂದು ಉಪಗ್ರಹಕ್ಕೂ ಹೈಡ್ರಾ ಎಂಬ ಹೆಸರಿದೆ. 2005ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಪತ್ತೆಯಾದ ಅದಕ್ಕೆ ಮರುವರ್ಷ ನಾಮಕರಣವಾಯಿತು.

ಉತ್ತರ – ಮೀನುಗಾರಿಕೆ ಪದವೀಧರ

ಲೆರ್ನಾ ಎಂಬ ಊರಿನ ಹೆಸರೂ ಸಿಹಿನೀರಿನ ಜೀವಿಯೊಂದಕ್ಕೆ ಸಂದಿದೆ ಎಂಬುದನ್ನು ಸೇರಿಸಬಯಸುತ್ತೇನೆ. ಕಾಟ್ಲಾ, ರೋಹು, ಗೆಂಡೆ ಸಾಕುವವರು ಲಂಗರು ಹುಳು ಎನ್ನುವ ಪರಾವಲಂಬಿಗೆ ಲಿನೇಯಸ್ 1758ರಲ್ಲಿ ಕೊಟ್ಟ ಹೆಸರು ಲೆರ್ನಿಯಾ. ಅದು ಹುಳುವಲ್ಲ, ಸೈಕ್ಲಾಪ್ಸ್ ಎಂಬ ಪುಟ್ಟ ಜಲಜೀವಿಯ ಬಳಗದ ಕಠಿಣಚರ್ಮಿ (ಏಡಿ, ಸಿಗಡಿಗಳ ಗುಂಪಿನದು). ಕೂಡುವಿಕೆಯ ನಂತರ ಗಂಡು ಸಾಯುತ್ತದೆ. ಹೆಣ್ಣು ಮೀನಿನ ಮಾಂಸದೊಳಗೆ ತಲೆಯನ್ನು ಹೂತು, ಅಲ್ಲಿ ಲಂಗರಿನಂತೆ ಕವಲೊಡೆದು, ಮೊಟ್ಟೆಯ ಎರಡು ಚೀಲಗಳನ್ನು ಹೊರಗೆ ಇಳಿಬಿಟ್ಟುಕೊಂಡು ಬದುಕುತ್ತದೆ. ಅವಸರದಲ್ಲಿ ಕಿತ್ತರೆ ಮೈ ಮಾತ್ರ ಕೈಗೆ ಬಂದು ತಲೆ ಒಳಗೇ ಉಳಿಯುತ್ತದೆ ಮತ್ತು ಗಾಯ ಕೀವುಗಟ್ಟುತ್ತದೆ. ಆದ್ದರಿಂದ ಕೀಳಲೇಬೇಕಾದಾಗ ಚಿಮಟಿಯನ್ನು ಚರ್ಮದ ಮಟ್ಟದಲ್ಲಿ, ಅದು ಒಳಹೊಕ್ಕ ಜಾಗದಲ್ಲಿಯೇ ಹಿಡಿಯಬೇಕು.