ಬೋಟಿನ ಡ್ರೈವ್ (ಹಿಂದೆ ನೀರಲ್ಲಿ ಫ್ಯಾನ್ ತಿರುಗಿಸೋ ಭಾಗ) ಮೇಲೆ ಏಳ್ತಾ ಇಲ್ಲ, ಎರಡು ಸಲ ಆಯಿಲ್ ಹಾಕಿದ್ದಾಯ್ತು, ಯಾರಾದ್ರೂ ಹೇಳಿ

ಲೇನಿಯರ್ ದೋಣಿ:
ತಲೆ ಕೆಟ್ಟು ಕೆರ ಹಿಡಿದಿದೆ. ಸ್ಪೀಡ್ ಹ್ಯಾಂಡಲ್‌ನಲ್ಲಿ ಅಪ್ ಬಟನ್ ಒತ್ತಿದ್ರೆ ಟಿಕ್ ಅಂತಾನೂ ಅನ್ನಲ್ಲ, ಡೌನ್ ಒತ್ತಿದ್ರೆ ಮಾತ್ರ ಡ್ರೈವ್ ಎತ್ತಿಳಿಸೋ ಪಂಪ್ ಗುಂಯ್ ಅನ್ನತ್ತೆ. ಓಡಿಸೋವಾಗ ಬೋಟು ಮೂತಿ ನೀರಿಗಿಟ್ಕೊಂಡೇ ಹೋಗತ್ತೆ, ಮಕ್ಕಳೆಲ್ಲ ನೆಂದು ತೊಪ್ಪೆ. ಬ್ಯಾಟರಿ ಹೊಸದು, ಪಂಪಿಗೆ ಎರಡು ಸಲ ಆಯಿಲ್ ಹಾಕಿದೀನಿ. ಅಟ್ಲಾಂಟ ಹತ್ರ ಲೇಕ್ ಲೇನಿಯರ್‌ನಲ್ಲಿ ಓಡ್ಸೋದು. ಇಲ್ಲೊಂದು ಶಾಪ್‌ನವ್ರು ಡ್ರೈವ್ ಪೂರ್ತಿ ಬಿಚ್ಬೇಕು ಅಂತ ಹೇಳಿದ ರೇಟ್ ಕೇಳಿ ಫೋನ್ ಇಟ್ಬಿಟ್ಟೆ.

ಗದ್ದೆ ಟ್ರ್ಯಾಕ್ಟರ್:
ಅಣ್ಣೋ ಇದ್ರಲ್ಲಿ ಯೋಚ್ನೆ ಮಾಡಕ್ಕೇನೈತೆ, ಸಿಲಿಂಡರ್ ಸೀಲ್ ಹೋಗೈತೆ. ನಮ್ ಟ್ರ್ಯಾಕ್ಟ್ರು ಹಿಂಗೇ ನೇಗಿಲು ಎತ್ತದೆ ಮಲ್ಕೊಂಡಿತ್ತು, ಸೀಲ್ ಕಿಟ್ ಹಾಕುಸ್ದೆ, ಈಗ ರೋಟವೇಟ್ರು ಕಟ್ಟುದ್ರೂ ಹೂವಿನ್ ಥರ ಎತ್ತುತ್ತೆ. ಪಂಪ್ ಕೆಳಗೆ ಆಯಿಲ್ ಚೆಲ್ಲೈತಾ ನೋಡಿ.

ಲೇನಿಯರ್ ದೋಣಿ:
ಹೌದು ಚೆಲ್ಲಿದೆ! ಬೋಟಿನ ತಳದಲ್ಲೆಲ್ಲ ಜಿಡ್ಡು.

ಗದ್ದೆ ಟ್ರ್ಯಾಕ್ಟರ್:
ನಾನೇಳ್ಲಿಲ್ವಾ. ಸೀಲೇ.

ಮಲ್ಪೆ ಬಂದರು:
ಮಾರಾಯ್ರೆ ಟ್ರ್ಯಾಕ್ಟರಿಗೂ ಬೋಟಿಗೂ ಎಂತ ಸಂಬಂಧ. ಬ್ರ್ಯಾಕೆಟ್ ಪಕ್ಕದಲ್ಲಿ ಒಂದು ದೊಡ್ಡ ಸ್ಕ್ರೂ ಉಂಟಲ್ಲ, ಮ್ಯಾನ್ಯುವಲ್ ರಿಲೀಸ್, ಅದು ಲೂಸ್ ಇದ್ರೆ ಪ್ರೆಶರ್ ನಿಲ್ಲುದಿಲ್ಲ. ಗಟ್ಟಿ ತಿರುಗಿಸಿ, ಸರಿಯಾಗ್ತದೆ.

ಲೇನಿಯರ್ ದೋಣಿ:
ಒಂದು ಗಂಟೆ ಬೋಟಿನ ಹಿಂದೆ ಅಂಗಾತ ಮಲಗಿ ಹುಡುಕಿದೆ ಸಾರ್, ಅಂಥ ಸ್ಕ್ರೂನೇ ಇಲ್ಲ.

ಮಲ್ಪೆ ಬಂದರು:
ಇಲ್ಲದೆ ಎಲ್ಲಿಗೆ ಹೋಗ್ತದೆ, ನಿಮ್ಮದು ಔಟ್‌ಬೋರ್ಡ್ ಅಲ್ವಾ, ಇಂಜಿನ್ ಹೊರಗೆ ಹಿಂದೆ ತೂಗುವಂಥದ್ದು?

ಲೇನಿಯರ್ ದೋಣಿ:
ಸ್ಟರ್ನ್‌ಡ್ರೈವ್ ಸಾರ್. ಇಂಜಿನ್ ಒಳಗೆ, ಲೆಗ್ ಹೊರಗೆ. ಡ್ರೈವ್ ಅಂತ ಹೇಳಿದ್ನಲ್ಲ.

ಮಲ್ಪೆ ಬಂದರು:
ಅದನ್ನು ಮೊದ್ಲೇ ಹೇಳ್ಬೇಕಲ್ಲ! ನಮ್ಮಲ್ಲಿ ನಾಡದೋಣಿಗೆ ಇದೆಲ್ಲ ರಗಳೆ ಇಲ್ಲ, ಕೈಯಲ್ಲೇ ಎತ್ತುದು. ಜೂನ್ 1ರಿಂದ ಜುಲೈ 31, 61 ದಿನ ಮೀನುಗಾರಿಕೆ ನಿಷೇಧ ಅಂತ ಟ್ರಾಲರ್ ಎಲ್ಲ ಬಂದರಲ್ಲಿ ಕಟ್ಟಿ ಹಾಕಿದಾಗ ಅದೇ ಸಣ್ಣ ಇಂಜಿನ್ ಇಟ್ಕೊಂಡು ಮಳೆಗಾಲದ ಕಡಲಿಗೆ ಇಳೀತಾರೆ. ಒಂದು ಬಟನ್ ಇಲ್ಲ, ಒಂದು ವಯರ್ ಇಲ್ಲ.

ಗದ್ದೆ ಟ್ರ್ಯಾಕ್ಟರ್:
ಅದೆಲ್ಲ ಇರ್ಲಿ. ಅಣ್ಣೋ ಯಾವ ಆಯಿಲ್ ಉಯ್ದ್ರಿ?

ಲೇನಿಯರ್ ದೋಣಿ:
10ಡಬ್ಲ್ಯೂ-30, ಕಾರಿಗೆ ತಂದಿದ್ದು ಉಳಿದಿತ್ತು.

ಗದ್ದೆ ಟ್ರ್ಯಾಕ್ಟರ್:
ಕೆಟ್ರಿ. ಹೈಡ್ರಾಲಿಕ್‌ಗೆ ಹೈಡ್ರಾಲಿಕ್ 68 ಆಯಿಲ್ಲೇ ಹಾಕ್ಬೇಕು, ಇಂಜಿನ್ ಆಯಿಲ್ ಉಯ್ದ್ರೆ ಸೀಲ್ ಉಳಿತದಾ?

ಹುಬ್ಬಳ್ಳಿ ವೈರ್‌ಮನ್:
ಯಾಕ್ರೀ ಸುಮ್ನ ಹೆದರಸ್ತೀರಿ. ಬೋಟಿನ ಟ್ರಿಮ್ ಪಂಪಿಗೆ, ಅಂದ್ರ ಈ ಡ್ರೈವ್ ಎತ್ತಿ ಇಳಸೂ ಪಂಪಿಗೆ, 10ಡಬ್ಲ್ಯೂ-30 ನಡೀತೈತಿ ಅಂತ ಎಷ್ಟೋ ಮ್ಯಾನ್ಯುವಲ್‌ನಾಗ ಬರದಾರ. ನೀರು ಸೇರಿ ಹಾಲಿನ ಬಣ್ಣ ಆಗಿದ್ರ ಮಾತ್ರ ಚಿಂತಿ ಮಾಡ್ರಿ. ದೋಣಿಯವರೇ, ಮಾಡೆಲ್ ಯಾವ್ದು?

ಲೇನಿಯರ್ ದೋಣಿ:
ಮಾಮೂಲಿ ಕರೀ ಬಣ್ಣದ ಡ್ರೈವ್ ಸಾರ್, ಇಲ್ಲಿ ಎಲ್ರ ಹತ್ರ ಇರೋದೇ. ಪಂಪ್ ಫೋಟೋ ಹಾಕಿದೀನಿ ನೋಡಿ. ಆಯಿಲ್ ಹಾಲಿನ ಥರ ಇಲ್ಲ, ಲೆವೆಲ್ಲೂ ಕರೆಕ್ಟಾಗಿದೆ, ಎರಡು ಸಲಾನೂ ಟ್ರೇಲರ್ ಮೇಲೆ ಡ್ರೈವ್ ಪೂರ್ತಿ ಎತ್ತಿಟ್ಟೇ ತುಂಬ್ಸಿದ್ದು.

ಗದ್ದೆ ಟ್ರ್ಯಾಕ್ಟರ್:
ಮ್ಯಾನ್ಯುವಲ್ ಬರ್ದೋನು ಗದ್ದೆಗೆ ಇಳ್ದವ್ನಾ? 68 ಅಂದ್ರೆ 68.

ಹುಬ್ಬಳ್ಳಿ ವೈರ್‌ಮನ್:
ಟ್ರ್ಯಾಕ್ಟರ್ ಅಣ್ಣಾರ ಒಂದ್ ನಿಮಿಷ ತಡೀರಿ. ದೋಣಿಯವರೇ, ಎತ್ತಿಟ್ಟು ಅಂದ್ರಿ? ಏಳೂದೇ ಇಲ್ಲ ಅಂತ ಅಲ್ಲೇನ್ರಿ ಇಷ್ಟೊತ್ತು ನಾವೆಲ್ಲಾ ಬಡಕೊಂಡಿದ್ದು?

ಲೇನಿಯರ್ ದೋಣಿ:
ಹ್ಯಾಂಡಲ್‌ನಿಂದ ಏಳಲ್ಲ ಸಾರ್. ಡ್ಯಾಶ್‌ನಲ್ಲಿ ಟ್ರೇಲರ್ ಬಟನ್ ಅಂತ ಬೇರೆ ಇದೆಯಲ್ಲ, ಅದು ಒತ್ತಿದ್ರೆ ಫುಲ್ ಏಳತ್ತೆ. ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ ಅಂತ ಬರೀಲಿಲ್ಲ.

ಮಲ್ಪೆ ಬಂದರು:
ಅಯ್ಯೋ ದೇವ್ರೇ.

ಹುಬ್ಬಳ್ಳಿ ವೈರ್‌ಮನ್:
ನಮಸ್ಕಾರ ರೀ ನಿಮಗ. ಹಂಗಾದ್ರ ಪಂಪು, ಮೋಟಾರು, ಅಪ್ ಸೊಲೆನಾಯ್ಡು (ಮೋಟಾರಿಗೆ ಕರೆಂಟ್ ಬಿಡೂ ಸ್ವಿಚ್), ಸಿಲಿಂಡರ್ ಎಲ್ಲಾ ಬರೋಬ್ಬರಿ ಅದಾವ, ಇಲ್ಲಾಂದ್ರ ಟ್ರೇಲರ್ ಬಟನ್ನಿಗೂ ಏಳ್ತಿದ್ದಿಲ್ಲ. ಹ್ಯಾಂಡಲ್ ಅಪ್ ಬಟನ್ನಿನ ಕರೆಂಟು ಲಿಮಿಟ್ ಸ್ವಿಚ್ ಹಾದು ಹೋಗ್ತೈತಿ, ಟ್ರೇಲರ್ ಬಟನ್ ಅದನ್ನ ಬೈಪಾಸ್ ಮಾಡ್ತೈತಿ. ಡ್ರೈವಿನ ಎರಡೂ ಮಗ್ಗಲಿಗೆ ಒಂದೊಂದು ಗುಂಡಂದು ಕರೀ ಡಬ್ಬಿ ಇರ್ತಾವ, ಒಂದು ಡ್ರೈವ್ ಎಷ್ಟು ಎದ್ದೈತಿ ಅಂತ ತೋರಸೂ ಗೇಜಿಗೆ, ಇನ್ನೊಂದು ಲಿಮಿಟ್ ಸ್ವಿಚ್. ಅದರ ವೈರು ನೀರಾಗ ಇದ್ದು ಇದ್ದು, ಡ್ರೈವ್ ತಿರುಗಿದಾಗೆಲ್ಲಾ ಮಡಚಿ ಮಡಚಿ ತುಂಡಾಗ್ತಾವ. ಬೋಟಿನ ಒಳಗ ಅದರ ಕನೆಕ್ಟರ್ ಬಿಚ್ಚಿ, ಪಂಪಿನ ಕಡೆಯಿಂದ ಬರೂ ಎರಡು ತುದಿ ಜೋಡಿಸಿ ಹ್ಯಾಂಡಲ್ ಅಪ್ ಒತ್ತಿ ನೋಡ್ರಿ. ಎದ್ರ ಸ್ವಿಚ್ಚೇ ಹೋಗೈತಿ. ಏಳಲಿಲ್ಲಾಂದ್ರ ಹ್ಯಾಂಡಲ್ ಬಟನ್. ಮತ್ತ ಟ್ರಿಮ್ ಗೇಜ್ ನಡೀತೈತೇನು?

ಲೇನಿಯರ್ ದೋಣಿ:
ಗೇಜ್ ಸತ್ತು ಎರಡು ವರ್ಷ ಆಯ್ತು. ಅದೂ ಹೇಳ್ಬೇಕಿತ್ತಾ?

ಹುಬ್ಬಳ್ಳಿ ವೈರ್‌ಮನ್:
😐 ಅದರ ವೈರೂ ಅದೇ ದಾರಿಯಾಗ ಬರ್ತಾವ್ರೀ.
ಇನ್ನ ಆಯಿಲ್ ಲೆವೆಲ್ ನೋಡೂದು ಡ್ರೈವ್ ಪೂರ್ತಿ ಕೆಳಗಿದ್ದಾಗ. ಎತ್ತಿದಾಗ ಆಯಿಲ್ ಸಿಲಿಂಡರಿಗೆ ಹೋಗಿರ್ತೈತಿ, ನೀವು ಆಗ ಡಬ್ಬಿ ತುಂಬಿಸಿದ್ರಿ, ಇಳಿಸಿದಾಗ ಹೆಚ್ಚಾಗಿ ಹೊರಗ ಉಕ್ಕೇತಿ. ತಳದಾಗಿನ ಜಿಡ್ಡು ಬಹುಶಃ ಅದೇ.

ಗದ್ದೆ ಟ್ರ್ಯಾಕ್ಟರ್:
ಬಹುಶಃ ಅಂತೆ. ಸೀಲೂ ಹೋಗಿರ್ಬೋದಲ್ವಾ.

ಲೇನಿಯರ್ ದೋಣಿ (ಎರಡು ದಿನ ಆದ್ಮೇಲೆ):
ಎದ್ದಿತು!!! ವೈರ್ ಜೋಡಿಸಿ ಒತ್ತಿದ ತಕ್ಷಣ ಎದ್ದಿತು. ತಳ ಒರೆಸಿ, ಡ್ರೈವ್ ಇಳಿಸಿ ಲೆವೆಲ್ಲೂ ಸರಿ ಮಾಡಿದೆ. ಹಾಗೇ ಟೇಪ್ ಸುತ್ತಿ ಇವತ್ತು ಅರ್ಧ ದಿನ ಓಡಿಸ್ದೆ, ಮೂತಿ ಎತ್ಕೊಂಡು ಏನ್ ಹೋಗತ್ತೆ ಗೊತ್ತಾ. ಸ್ವಿಚ್ ಯಾಕೆ ಬೇಕು, ಹೀಗೇ ಬಿಡ್ತೀನಿ.

ಹುಬ್ಬಳ್ಳಿ ವೈರ್‌ಮನ್:
ಬಿಡಬ್ಯಾಡ್ರೀ! ಆ ಸ್ವಿಚ್ ಇರೂದೇ ಓಡೂವಾಗ ಡ್ರೈವ್ ಮಿತಿ ಮೀರಿ ಏಳಬಾರ್ದು ಅಂತ. ಹೆಚ್ಚಿಗೆ ಎದ್ರ ಪಕ್ಕದ ಆಸರೆ ತಪ್ತೈತಿ, ಆ ಸ್ಪೀಡಿನಾಗ ಇಂಜಿನ್ ಶಕ್ತಿ ಡ್ರೈವಿಗೆ ದಾಟಸೂ ಯುನಿವರ್ಸಲ್ ಜಾಯಿಂಟು, ಡ್ರೈವ್ ಹಿಡಕೊಂಡಿರೂ ಗಿಂಬಲ್ ಎಲ್ಲಾ ಪುಡಿ. ಆವಾಗ ಆ ಶಾಪ್‌ನವ್ರ ರೇಟು ಸೋವಿ ಅನ್ನಸ್ತೈತಿ. ಸ್ವಿಚ್ಚೂ ಗೇಜ್ ಸೆಂಡರೂ (ಗೇಜಿನ ಡಬ್ಬಿ) ಜೋಡಿ ಸಿಗ್ತಾವ, ಎರಡೂ ಹಾಕಸ್ರಿ. ಹಾಕೂದು ಕಿರಿಕಿರಿ ಕೆಲಸ, ವೈರ್ ಒಳಗ ಹೋಗೂ ತೂತಿನ ಹತ್ರ ಸೀಲ್ ಸರಿ ಕೂಡಲಿಲ್ಲಾಂದ್ರ ಬೋಟಿನೊಳಗ ನೀರು ಬರ್ತೈತಿ.

ಗದ್ದೆ ಟ್ರ್ಯಾಕ್ಟರ್:
ನೋಡುದ್ರಾ, ಕೊನೆಗೆ ಸೀಲಿಗೇ ಬಂತು.

ಮಲ್ಪೆ ಬಂದರು:
ದೋಣಿಯವರೇ ಆ ಕೆರೆಯಲ್ಲಿ ಮೀನು ಎಂತೆಲ್ಲ ಸಿಗ್ತದೆ?